ಪೊರಕೆ ಹಿಡಿಯುವ ಮುನ್ನ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೋ ಹೊರಟ ತಾಯಂದಿರು ಈಗ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಹೊರಡುವುದಕ್ಕೆ ತಿಂಗಳಿರುವಾಗಲೇ ಸಾರಿನ ಪುಡಿ, ಚಟ್ನಿಪುಡಿ, ಅಂಟಿನುಂಡೆ ಎಲ್ಲ ಸಿದ್ಧವಾಗಿರುತ್ತದೆ. ಚಳಿ ಎಷ್ಟು, ವಿಮಾನ ಎಲ್ಲಿ ಬದಲಿಸಬೇಕು, ವಿಮೆ ಮಾಡಿಸಬೇಕೋ ಬೇಡವೋ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾರೆ. ಅಲ್ಲಿನ ಮನೆಗಳಲ್ಲಿ ಹುಳಹುಪ್ಪಟೆ ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವಾಗಿ ಮಾತು ತೆಗೆದರೆ, "ಅಮೆರಿಕದಲ್ಲಿ ಎಂಥ ಇಲಿ, ಎಂಥ ಜಿರಳೆ ಬಿಡ್ರೀ!" ಎನ್ನುತ್ತಾರೆ. ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರದ ಪಾಠ ಹೇಳಿ ನಿವೃತ್ತಳಾದ ನನಗೆ ಈ ಮಾತು ಕೇಳಿದಾಗ ನಗುವೂ ಬರುತ್ತದೆ, ಸ್ವಲ್ಪ ಆತಂಕವೂ ಆಗುತ್ತದೆ. ಇಲಿಗೆ ವೀಸಾ ಬೇಕಾಗಿಲ್ಲವಲ್ಲ.

ಅಮೆರಿಕ ಎಂದರೆ ಒಂದೇ ಊರಲ್ಲ. ಫ್ಲಾರಿಡಾದ ಮನೆಗೆ ಹೇಳಿದ ಮಾತು ಡೆನ್ವರ್‌ಗೆ ಹೊಂದುವುದಿಲ್ಲ. ಇವತ್ತು ನಾನು ಹೇಳುವುದು ಡೆನ್ವರ್ ಸುತ್ತಿನ ಸೀಮೆಯ ಬಗ್ಗೆ, ಅಂದರೆ ಕೊಲೊರಾಡೊ ರಾಜ್ಯದಲ್ಲಿ ರಾಕಿ ಪರ್ವತಗಳ ಪೂರ್ವದ ಬುಡದಲ್ಲಿರುವ ಊರುಗಳ ಬಗ್ಗೆ. ನನ್ನ ಮಗಳ ಮನೆ ಇರುವುದು ಅಲ್ಲೇ, ಡೆನ್ವರ್‌ಗೆ ಅಂಟಿಕೊಂಡ ಅರೋರಾದಲ್ಲಿ. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ಸರಿಯಾಗಿ ಒಂದು ಮೈಲಿ. ಅಲ್ಲಿನ ಶಾಸನಸಭೆಯ ಕಟ್ಟಡದ ಮೆಟ್ಟಿಲೊಂದರ ಮೇಲೆ ಅದನ್ನು ಕೆತ್ತಿಯೇ ಇಟ್ಟಿದ್ದಾರೆ. ನಮ್ಮ ಮಡಿಕೇರಿಗಿಂತ ಎತ್ತರದ ಜಾಗ. ಆದರೆ ಮಡಿಕೇರಿ ಎಂದೊಡನೆ ನೆನಪಾಗುವ ಮಳೆ, ಮಂಜು, ಜಿಗಣೆ ಯಾವುದೂ ಅಲ್ಲಿಲ್ಲ. ಹಿಮ ಕರಗಿದ ನೀರನ್ನೂ ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 14ರಿಂದ 15 ಅಂಗುಲ ಮಳೆ, ಅಷ್ಟೆ. ನಮ್ಮ ಚಳ್ಳಕೆರೆಗೂ ಅದಕ್ಕಿಂತ ಹೆಚ್ಚು ಬೀಳುತ್ತದೆ. ಪಶ್ಚಿಮದಿಂದ ಬರುವ ಮೋಡಗಳು ಬೆಟ್ಟದ ಆ ಮಗ್ಗುಲಲ್ಲೇ ಬರಿದಾಗಿ ಈಚೆಗೆ ಒಣಗಾಳಿ ಇಳಿಯುತ್ತದೆ. ಪಶ್ಚಿಮ ಘಟ್ಟ ಚಿತ್ರದುರ್ಗಕ್ಕೆ ಏನು ಮಾಡುತ್ತದೋ ರಾಕಿ ಪರ್ವತ ಡೆನ್ವರ್‌ಗೆ ಅದನ್ನೇ ಮಾಡುತ್ತದೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಒಗೆದು ಹಾಕಿದ ಸೀರೆ ಮನೆಯೊಳಗೇ ಒಂದು ಗಳಿಗೆಯಲ್ಲಿ ಗರಿಗರಿಯಾಗುತ್ತದೆ.

ಇಷ್ಟು ಒಣಹವೆ ನಮಗೆ ಹಿಂಸೆಯಾದರೂ ಅದರಿಂದ ಕೆಲವು ಉಪಕಾರಗಳೂ ಆಗಿವೆ. ಹಾಸಿಗೆ ದಿಂಬುಗಳಲ್ಲಿದ್ದು ನಮ್ಮಲ್ಲಿ ಸೀನು, ಉಬ್ಬಸ ತರಿಸುವ ಧೂಳಿನ ನುಸಿ ಗಾಳಿಯ ತೇವವನ್ನು ಮೈಯಿಂದ ಹೀರಿಕೊಂಡು ಬದುಕುವ ಜೀವಿ. ಡೆನ್ವರ್‌ನ ಗಾಳಿಯಲ್ಲಿ ಅದಕ್ಕೆ ನೀರು ಹುಟ್ಟುವುದಿಲ್ಲ. ನಾಯಿ ಬೆಕ್ಕುಗಳ ಮೈಮೇಲಿನ ಚಿಗಟದ ಮರಿಗಳೂ ಆ ಒಣಗಾಳಿಯಲ್ಲಿ ಸತ್ತುಹೋಗುತ್ತವೆ. ಹಾಗಾಗಿ ಸಾಕುಪ್ರಾಣಿ ಇರುವ ಮನೆಗಳಲ್ಲೂ ಚಿಗಟದ ಕಾಟ ಅಪರೂಪ. ಜಿರಳೆ ಇಲ್ಲವೆಂದಲ್ಲ. ಅಪಾರ್ಟ್‌ಮೆಂಟುಗಳ ಅಡುಗೆಮನೆ, ಹೋಟೆಲು, ಚರಂಡಿ ಹೀಗೆ ತೇವವಿರುವ ಕಡೆ ಅದು ಇದ್ದೇ ಇದೆ. ಬಿಡಿ ಮನೆಗಳಲ್ಲಿ ಮಾತ್ರ ನಮ್ಮ ಮಂಗಳೂರು, ಬೆಂಗಳೂರುಗಳಷ್ಟು ಮೆರೆಯುವುದಿಲ್ಲ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುವುದಂತೂ ಇಲ್ಲವೇ ಇಲ್ಲ. ಶಕುನ ನೋಡುವವರಿಗೆ ಅದೊಂದು ಕೊರತೆ. ಈ ಗಾಳಿಯನ್ನು ನಂಬಿ ಹಿಂದೆ ದೇಶದ ಮೂಲೆಮೂಲೆಗಳಿಂದ ಕ್ಷಯರೋಗಿಗಳು ಅಲ್ಲಿಗೆ ಬರುತ್ತಿದ್ದರು. ಅವರಿಗಾಗಿ 1899ರಲ್ಲಿ ಬಾಗಿಲು ತೆರೆದ ನ್ಯಾಷನಲ್ ಜ್ಯೂಯಿಷ್ ಆಸ್ಪತ್ರೆ ಇಂದಿಗೂ ಶ್ವಾಸಕೋಶದ ಕಾಯಿಲೆಗಳಿಗೆ ಹೆಸರಾಗಿದೆ.

ಹಾಗಾದರೆ ಅಲ್ಲಿ ಮನೆಯೊಳಗೆ ಬರುವುದು ಏನು, ಯಾಕೆ ಬರುತ್ತದೆ? ಹೊರಗೆ ನೆಲ ಕಾದಿದೆ ಅಥವಾ ಹೆಪ್ಪುಗಟ್ಟಿದೆ. ನೀರಿಲ್ಲ, ನೆರಳಿಲ್ಲ. ಒಳಗೆ ಹಗಲೂ ರಾತ್ರಿ ಒಂದೇ ಹದದ ಬಿಸುಪು, ಸಿಂಕಿನಡಿ ತೊಟ್ಟಿಕ್ಕುವ ನಲ್ಲಿ, ಹಿತ್ತಿಲಲ್ಲಿ ದಿನಾ ನೀರುಣ್ಣುವ ಹುಲ್ಲುಹಾಸು. ಸುತ್ತ ಬೆಂಗಾಡಾಗಿರುವಾಗ ಮನೆಯೇ ಒಂದು ಓಯಸಿಸ್ ಆಗುತ್ತದೆ. ನಮ್ಮಲ್ಲಿ ಹುಳಗಳು ಹೆಚ್ಚಾಗಿ ಊಟ ಹುಡುಕಿಕೊಂಡು ಒಳಗೆ ಬಂದರೆ ಅಲ್ಲಿ ಮುಕ್ಕಾಲುಪಾಲು ಬರುವುದು ಬರೀ ತಂಗುವುದಕ್ಕೆ. ಈ ವ್ಯತ್ಯಾಸ ತಿಳಿದರೆ ಅರ್ಧ ಔಷಧಿಯ ಖರ್ಚು ಉಳಿಯುತ್ತದೆ. ಊಟಕ್ಕೆ ಬಂದದ್ದಕ್ಕೆ ವಿಷ ಇಡಬಹುದು. ತಂಗಲು ಬಂದದ್ದಕ್ಕೆ ವಿಷ ಹಾಕಿ ಏನು ಪ್ರಯೋಜನ? ಸಂದು ಮುಚ್ಚಬೇಕು.

ಮೇ ತಿಂಗಳ ಕೊನೆಗೆ ಹೋದವರಿಗೆ ಮೊದಲ ದರ್ಶನ ಕೊಡುವುದು ಮಿಲ್ಲರ್ ಪತಂಗ. ಕಂದುಬೂದು ಬಣ್ಣ, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ಮುಟ್ಟಿದರೆ ರೆಕ್ಕೆಯಿಂದ ಹಿಟ್ಟಿನಂಥ ಪುಡಿ ಉದುರುತ್ತದೆ. ಸಂಜೆ ಬಾಗಿಲ ಮೇಲಿನ ದೀಪ ಹಾಕಿದಿರೋ, ಹತ್ತಿಪ್ಪತ್ತು ಬಂದು ತಲೆ ಬಡಿದುಕೊಳ್ಳುತ್ತವೆ. ಬಾಗಿಲು ತೆರೆದರೆ ನಿಮಗಿಂತ ಮುಂಚೆ ಅವು ಒಳಗೆ. ಬೆಳಗ್ಗೆ ಗ್ಯಾರೇಜಿನ ಬಾಗಿಲೆತ್ತಿದರೆ ಅಂಚಿನ ರಬ್ಬರು ಪಟ್ಟಿಯ ಮಡಿಕೆಯಲ್ಲಿ ಸಾಲಾಗಿ ಅವಿತು ಕೂತವು ಪಟಪಟನೆ ಉದುರಿ ಮುಖಕ್ಕೇ ಹಾರುತ್ತವೆ. ಕಾರಿನ ಬಾಗಿಲ ಸಂದಿನಲ್ಲಿ, ಮಡಿಸಿಟ್ಟ ಛತ್ರಿಯಲ್ಲಿ, ಪರದೆಯ ನೆರಿಗೆಯಲ್ಲಿ ಎಲ್ಲೆಂದರಲ್ಲಿ ಅವೇ. ಪರದೆಯ ಮೇಲೆ ಕಂದು ಚುಕ್ಕೆ ಕಂಡರೆ ಅದು ಅವುಗಳ ಮಲ. ನೋಡಿದ ತಾಯಂದಿರು ಮೊದಲು ಓಡುವುದು ಬೀರುವಿನ ಕಡೆಗೆ: ರೇಷ್ಮೆ ಸೀರೆ ತಿಂದುಬಿಟ್ಟಾವು ಎಂದು. ಈ ಪತಂಗ ಬಟ್ಟೆ ತಿನ್ನುವುದಿಲ್ಲ, ಬೇಳೆ ತಿನ್ನುವುದಿಲ್ಲ, ಮನೆಯೊಳಗೆ ಮೊಟ್ಟೆಯನ್ನೂ ಇಡುವುದಿಲ್ಲ. ಅದು ದಾರಿಹೋಕ.

2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ನಮ್ಮ ರೈತರ ನಿದ್ದೆಗೆಡಿಸಿದ ಫಾಲ್ ಸೈನಿಕ ಹುಳು ನೆನಪಿದೆಯಲ್ಲ, ಇದು ಅದೇ ಕುಟುಂಬಕ್ಕೆ ಸೇರಿದ್ದು. ಪೂರ್ವಕ್ಕಿರುವ ಬಯಲಿನಲ್ಲಿ, ಗೋಧಿ ಮತ್ತು ಕುದುರೆಮಸಾಲೆ ಸೊಪ್ಪಿನ ಹೊಲಗಳಲ್ಲಿ, ಬೇಸಗೆಯ ಕೊನೆಗೆ ಮೊಟ್ಟೆ ಇಡುತ್ತದೆ. ಮರಿಹುಳು ಮಣ್ಣಿನಲ್ಲೇ ಚಳಿಗಾಲ ಕಳೆದು, ವಸಂತದಲ್ಲಿ ಎಳೆ ಪೈರು ಮೇಯ್ದು, ಮಣ್ಣಿನೊಳಗೇ ಕೋಶವಾಗಿ, ಮೇ ಹೊತ್ತಿಗೆ ಪತಂಗವಾಗಿ ಏಳುತ್ತದೆ. ಬಯಲು ಕಾಯತೊಡಗಿದೊಡನೆ ಪಶ್ಚಿಮದ ಬೆಟ್ಟಗಳತ್ತ ಹೊರಟುಬಿಡುತ್ತದೆ. ಅಲ್ಲಿ ತಂಪು, ಅಲ್ಲಿ ಹೂವು. ಬೇಸಗೆಯೆಲ್ಲ ರಾತ್ರಿ ಮಕರಂದ ಕುಡಿದು, ಹಗಲು ಕಲ್ಲುರಾಶಿಗಳ ಸಂದಿನಲ್ಲಿ ಮಲಗಿ, ಮೈತುಂಬ ಕೊಬ್ಬು ಕಟ್ಟಿಕೊಂಡು ಮಳೆಗಾಲ ಮುಗಿದ ಮೇಲೆ, ಅಂದರೆ ನಮ್ಮ ಲೆಕ್ಕದ ಮಳೆಗಾಲ, ಸೆಪ್ಟೆಂಬರ್ ಹೊತ್ತಿಗೆ ಬಯಲಿಗೆ ಮರಳುತ್ತದೆ. ಬಯಲಿಗೂ ಬೆಟ್ಟಕ್ಕೂ ನಡುವೆ ಡೆನ್ವರ್ ಊರು ಕೂತಿದೆ, ಅಷ್ಟೇ ಅದರ ತಪ್ಪು. ವಸಂತದಲ್ಲಿ ಮಳೆ ಕೈಕೊಟ್ಟ ವರ್ಷ ಬಯಲಿನಲ್ಲಿ ಹೂವಿಲ್ಲದೆ ಇವು ನೀರುಣ್ಣುವ ಊರಿನ ತೋಟಗಳಿಗೇ ಮುಗಿಬೀಳುತ್ತವೆ. ಆಗ ಕಾಟ ಹೆಚ್ಚು.

ಉತ್ತರಕ್ಕೆ ಯೆಲ್ಲೊಸ್ಟೋನ್ ಸುತ್ತಿನ ಎತ್ತರದ ಬೆಟ್ಟಗಳಲ್ಲಿ ಗ್ರಿಜ್ಲಿ ಕರಡಿಗಳು ಬಂಡೆಗಳನ್ನು ಮಗುಚಿ ಮಗುಚಿ ಈ ಪತಂಗಗಳನ್ನೇ ತಿನ್ನುತ್ತವೆ. ಒಂದು ಕರಡಿ ದಿನಕ್ಕೆ 40,000 ಪತಂಗ ತಿನ್ನಬಹುದು ಎಂಬುದು ಅಲ್ಲಿನ ಸಂಶೋಧಕರ ಅಂದಾಜು. ನಾಲ್ಕಾಳು ತೂಗುವ ಪ್ರಾಣಿ ಚಳಿಗಾಲದ ನಿದ್ದೆಗೆ ಬೇಕಾದ ಕೊಬ್ಬನ್ನು ಇಷ್ಟಿಷ್ಟು ಹುಳಗಳಿಂದ ಸಂಪಾದಿಸುತ್ತದೆ ಎಂದರೆ ನಂಬುವುದು ಕಷ್ಟ. ನನಗಂತೂ ಇದನ್ನು ಓದಿದ ಮೇಲೆ ಪತಂಗದ ಮೇಲೆ ಔಷಧಿ ಹೊಡೆಯುವ ಮನಸ್ಸೇ ಬರುವುದಿಲ್ಲ. ಹೊಡೆದೂ ಉಪಯೋಗವಿಲ್ಲ, ಇವತ್ತಿನವು ಸತ್ತರೆ ನಾಳೆ ಹೊಸ ತಂಡ ಬರುತ್ತದೆ. ಹೊರಗಿನ ದೀಪ ಆರಿಸಿ, ಕಿಟಕಿಯ ಸಂದಿಗೆ ಪಟ್ಟಿ ಅಂಟಿಸಿ. ಒಳಗೆ ಬಂದವಕ್ಕೆ, ಒಂದು ಬಕೆಟ್ಟಿನಲ್ಲಿ ನಾಲ್ಕು ಬೆರಳಷ್ಟು ಸೋಪಿನ ನೀರಿಟ್ಟು ಮೇಲೊಂದು ಬಲ್ಬು ತೂಗುಬಿಟ್ಟು ಬೇರೆ ದೀಪಗಳನ್ನೆಲ್ಲ ಆರಿಸಿ ಮಲಗಿ. ವೈರು ನೀರಿಗೆ ತಾಗದಂತೆ ಮಾತ್ರ ನೋಡಿಕೊಳ್ಳಿ. ನಮ್ಮ ಮಳೆಹುಳುಗಳಿಗೆ ದೀಪದ ಕೆಳಗೆ ನೀರಿನ ತಟ್ಟೆ ಇಡುತ್ತಿದ್ದೆವಲ್ಲ, ಅದೇ ಉಪಾಯ. ಐದಾರು ವಾರ ತಡೆದುಕೊಂಡರೆ ಅವೇ ಬೆಟ್ಟ ಹತ್ತುತ್ತವೆ.

ಅಕ್ಟೋಬರ್ ಬಂತೆಂದರೆ ಇನ್ನೊಂದು ತಂಡ. ಬಾಕ್ಸ್‌ಎಲ್ಡರ್ ತಿಗಣೆ ಎಂದು ಕರೆಯೋಣ. ಕಪ್ಪು ಮೈ, ಬೆನ್ನಿನ ಮೇಲೆ ಕೆಂಪು ಗೆರೆ. ತಿಗಣೆ ಎಂದದ್ದಕ್ಕೆ ಹೆದರಬೇಡಿ, ಹಾಸಿಗೆಯ ತಿಗಣೆಗೂ ಇದಕ್ಕೂ ಸಂಬಂಧವಿಲ್ಲ, ಕಚ್ಚುವುದಿಲ್ಲ. ಒಂದು ಜಾತಿಯ ಮೇಪಲ್ ಮರದ ಬೀಜದ ರಸ ಹೀರಿ ಬೆಳೆದು, ಚಳಿ ಶುರುವಾಗುವಾಗ ಬಿಸಿಲು ಬೀಳುವ ದಕ್ಷಿಣದ, ಪಶ್ಚಿಮದ ಗೋಡೆಗಳ ಮೇಲೆ ನೂರಾರು ಸಂಖ್ಯೆಯಲ್ಲಿ ಮೈ ಕಾಯಿಸುತ್ತ ಕೂರುತ್ತದೆ. ಬಿಸಿಲಿಳಿದಾಗ ಗೋಡೆಯ ಬಿರುಕಿಗೆ ನುಸುಳುತ್ತದೆ. ಜನವರಿಯಲ್ಲಿ ಒಂದು ದಿನ ಬಿಸಿಲು ಚುರುಕಾದರೆ ಋತು ಬದಲಾಯಿತೆಂದು ಮೋಸಹೋಗಿ ಮನೆಯೊಳಗೆ ತೆವಳಿಕೊಂಡು ಬರುತ್ತದೆ. ಹಿಸುಕಿದರೆ ಗೋಡೆ ಕಲೆಯಾಗುತ್ತದೆ. ಗೋಡೆಯ ಮೇಲೆ ಗುಂಪಾಗಿ ಕೂತಾಗ ಸೋಪಿನ ನೀರು ಸಿಂಪಡಿಸಿದರೆ ಸಾಕು, ಒಳಗೆ ಬಂದವನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದುಕೊಂಡರಾಯಿತು. ಈ ಎರಡೂ ಹುಳಗಳನ್ನು ತೋರಿಸಿಯೇ, ಮೂರು ತಿಂಗಳಿಗೊಮ್ಮೆ ಬಂದು ಮನೆ ಸುತ್ತ ಔಷಧಿ ಹೊಡೆಯುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವವರು ಬಾಗಿಲು ತಟ್ಟುತ್ತಾರೆ. ನನ್ನ ಅಳಿಯನೂ ಸಹಿ ಹಾಕುವುದರಲ್ಲಿದ್ದ. "ಅತ್ತೆ, ಎಲ್ಲರ ಮನೆಗೂ ಹೊಡೀತಿದಾರೆ" ಎಂದ. "ಎಲ್ಲರ ಮನೆಯಲ್ಲೂ ಹುಳ ಇದೆ ತಾನೇ ಇನ್ನೂ?" ಎಂದೆ. ಆ ದುಡ್ಡಿನಲ್ಲಿ ಕಿಟಕಿ ಬಾಗಿಲುಗಳ ಸಂದಿಗೆ ತುಂಬುವ ಪೇಸ್ಟು, ಜಾಳಿಗೆ ತಂದು ಒಂದು ಭಾನುವಾರ ಕೂತು ಮುಚ್ಚಿದ.

ಸೀರೆಯ ಮಾತು ಬಂತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ರೇಷ್ಮೆ, ಉಣ್ಣೆ ತಿನ್ನುವ ಹುಳು ಅಲ್ಲಿ ಖಂಡಿತ ಇದೆ. ಅದು ಕಾರ್ಪೆಟ್ ದುಂಬಿ. ಎಳ್ಳುಕಾಳಿನ ಗಾತ್ರದ್ದು. ದುಂಬಿ ಹೊರಗೆ ಹೂವಿನ ಪರಾಗ ತಿಂದುಕೊಂಡಿರುತ್ತದೆ. ಅನಾಹುತವೆಲ್ಲ ಮೈತುಂಬ ರೋಮವಿರುವ ಅದರ ಮರಿಹುಳುವಿನದು. ಬೇರೆ ಹುಳಗಳಿಗೆ ಒಣಹವೆ ಆಗದು ಎಂದೆನಲ್ಲ, ಇದಕ್ಕೆ ಅದು ತೊಂದರೆಯೇ ಅಲ್ಲ. ಒಣಗಿದ ಚರ್ಮ, ಕೂದಲು, ಸತ್ತ ಹುಳಗಳ ಒಡಲು ತಿಂದು ಬದುಕುವ ವಂಶ ಅದರದು. ಕಿಟಕಿಯಂಚಿನಲ್ಲಿ ಸತ್ತುಬಿದ್ದ ಪತಂಗವೂ ಅದಕ್ಕೆ ಊಟವೇ, ಪಕ್ಕದ ಬೀರುವಿನಲ್ಲಿರುವ ಮೈಸೂರು ಸಿಲ್ಕೂ ಊಟವೇ. ಆದ್ದರಿಂದ ಸತ್ತ ಪತಂಗಗಳನ್ನು ಬಳಿದು ಹಾಕುವುದು ಸೀರೆಯ ರಕ್ಷಣೆಯ ಮೊದಲ ಕೆಲಸ. ಉಟ್ಟು ಬೆವರಾದ ಸೀರೆಯನ್ನು ಹಾಗೇ ಮಡಿಸಿಡಬೇಡಿ, ಬೆವರಿನ, ಊಟದ ಕಲೆಯ ಮೇಲೇ ಅದರ ಕಣ್ಣು. ನುಸಿಗುಳಿಗೆಯನ್ನು ಜರಿಗೆ ತಾಗಿಸಿ ಇಟ್ಟರೆ ಜರಿ ಕಪ್ಪಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಗುಳಿಗೆ ಬೇಡವೇ ಬೇಡ. ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದೆರಡು ವಾರ ಫ್ರೀಜರಿನಲ್ಲಿಟ್ಟು ತೆಗೆದರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಚೀಲದ ಹೊರಗಿನ ತಣುಪು ಆರುವ ತನಕ ಬಿಚ್ಚಬಾರದು. ಅಕ್ಕಿಯ ಹುಳಕ್ಕೂ ರವೆಯ ಜೇಡಕಟ್ಟಿಗೂ ಇದೇ ಫ್ರೀಜರು ಮದ್ದು. ಊರಿನಿಂದ ತಂದ ಬೇಳೆಯನ್ನು ಒಂದು ವಾರ ಅದರಲ್ಲಿಟ್ಟು ಆಮೇಲೆ ಡಬ್ಬಿಗೆ ತುಂಬಿ. ಅಲ್ಲಿನ ಗಾಳಿಗೆ ಕಾಳು ಚೆನ್ನಾಗಿ ಒಣಗಿಯೇ ಇರುತ್ತದೆ, ಹೊಸದಾಗಿ ಹುಳ ಬೀಳುವುದು ಕಡಿಮೆ.

ಜೇಡಗಳಲ್ಲಿ ಒಂದನ್ನು ಗುರುತಿಟ್ಟುಕೊಳ್ಳಬೇಕು. ಹೊಳೆಯುವ ಕಪ್ಪು, ದುಂಡು ಹೊಟ್ಟೆ, ಹೊಟ್ಟೆಯ ಅಡಿಯಲ್ಲಿ ಡಮರುಗದ ಆಕಾರದ ಕೆಂಪು ಗುರುತು. ಬ್ಲ್ಯಾಕ್ ವಿಡೋ. ನೆಲಮಾಳಿಗೆಯ ಕಿಟಕಿಗೆ ಬೆಳಕು ಬರಲೆಂದು ಹೊರಗೆ ತೋಡಿದ ಗುಂಡಿಯಲ್ಲಿ, ಗ್ಯಾಸಿನ ಮೀಟರಿನ ಡಬ್ಬಿಯಲ್ಲಿ, ಬಿಸಾಡಿದ ಹೂಕುಂಡದ ಅಡಿಯಲ್ಲಿ ಇರುತ್ತದೆ. ಅದರ ಬಲೆಗೆ ಅಂದವಿಲ್ಲ, ಅಡ್ಡಾದಿಡ್ಡಿ. ಆದರೆ ನೂಲು ಎಷ್ಟು ಗಟ್ಟಿ ಎಂದರೆ ಕಡ್ಡಿಯಿಂದ ಎಳೆದರೆ ಚಿರ್ ಎಂದು ಹರಿಯುವ ಸದ್ದು ಕೇಳಿಸುತ್ತದೆ. ಕಚ್ಚಿದರೆ ಸ್ನಾಯುಗಳೆಲ್ಲ ಹಿಡಿದುಕೊಂಡು ಹೊಟ್ಟೆನೋವು, ಬೆವರು. ಸಾವು ತೀರಾ ಅಪರೂಪ, ಆದರೂ ಮಕ್ಕಳಿಗೆ, ವಯಸ್ಸಾದವರಿಗೆ ಕಚ್ಚಿದರೆ ಆಸ್ಪತ್ರೆಗೆ ಹೋಗಲೇಬೇಕು. ಅದಾಗಿ ಅದು ಮೈಮೇಲೆ ಬೀಳುವ ಜೀವಿಯಲ್ಲ. ಚೇಳಿನ ಸೀಮೆಯಿಂದ ಹೋದವರಿಗೆ ಚಪ್ಪಲಿ ಕೊಡವಿ ಹಾಕಿಕೊಳ್ಳುವ ಅಭ್ಯಾಸ ಇರುತ್ತದೆ. ತೋಟದ ಕೈಗವಸಿಗೂ ಅದನ್ನೇ ಮಾಡಿ.

ಇನ್ನು ಇಲಿ. ಇಷ್ಟು ಹೊತ್ತು ಹೇಳಿದ್ದೆಲ್ಲ ಮರೆತರೂ ಚಿಂತೆಯಿಲ್ಲ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ನವೆಂಬರಿನ ಒಂದು ಬೆಳಗ್ಗೆ ಮಗಳ ಪಕ್ಕದ ಬೀದಿಯ ಕನ್ನಡದವರ ಮನೆಗೆ ಹೋಗಿದ್ದೆ. ಹಾಸನದ ಕಡೆಯ ಹಿರಿಯರೊಬ್ಬರು ಮಗನ ಮನೆಗೆ ಬಂದಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಸೋನಾಮಸೂರಿ ಚೀಲ, ಅದರ ಬುಡ ಕಚ್ಚಿ ತೂತಾಗಿತ್ತು. ಸುತ್ತ ಜೀರಿಗೆ ಚೆಲ್ಲಿದಂತೆ ಕರಿ ಹಿಕ್ಕೆ. ಆಕೆ ಸೆರಗು ಸಿಕ್ಕಿಸಿ ಪೊರಕೆ ಎತ್ತಿಯೇ ಬಿಟ್ಟಿದ್ದರು. "ಗುಡಿಸಬೇಡಿ ಕಣ್ರೀ, ಪೊರಕೆ ಕೆಳಗಿಡಿ" ಎಂದೆ. "ಇಲಿ ಹಿಕ್ಕೆ ಗುಡಿಸೋಕೂ ಶಾಸ್ತ್ರ ಓದ್ಬೇಕೇನ್ರೀ?" ಎಂದರು. ಊರಲ್ಲಾದರೆ ಬೇಡ, ಆ ಸೀಮೆಯಲ್ಲಿ ಓದಬೇಕು.

ಅಲ್ಲಿ ಮನೆಗೆ ಬರುವ ಇಲಿಗಳಲ್ಲಿ ಎರಡು ಬಗೆ. ಒಂದು ನಮಗೆ ಗೊತ್ತಿರುವ ಸುಂಡಿಲಿ, ಮೈಯೆಲ್ಲ ಒಂದೇ ಬೂದುಬಣ್ಣ. ಇನ್ನೊಂದು ಡಿಯರ್ ಮೌಸ್, ಜಿಂಕೆಯಿಲಿ ಎನ್ನಿ. ಬೆನ್ನು ಕಂದು, ಹೊಟ್ಟೆ ಅಚ್ಚಬಿಳಿ, ಬಾಲವೂ ಮೇಲೆ ಕಂದು ಕೆಳಗೆ ಬಿಳಿ, ದೊಡ್ಡ ಕಣ್ಣು, ದೊಡ್ಡ ಕಿವಿ. ನೋಡಲು ಮುದ್ದಾಗಿದೆ. ಊರಂಚಿನ ಮನೆಗಳಿಗೆ, ಬೆಟ್ಟದ ಬುಡದ ಮನೆಗಳಿಗೆ ಚಳಿಗಾಲ ಕಳೆಯಲು ಬರುವುದು ಇದೇ. ಇದರ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ಹಂಟಾವೈರಸ್ ಇರಬಹುದು. ಇಲಿಗೆ ಅದರಿಂದ ಏನೂ ಆಗುವುದಿಲ್ಲ. ಹಿಕ್ಕೆ ಒಣಗಿ ಪುಡಿಯಾಗಿ ಧೂಳಿನ ಜೊತೆ ಎದ್ದು ಮನುಷ್ಯರ ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಕಾಯಿಲೆ ಬೀಳುವವರು ಬಹಳ ಕಡಿಮೆ, ಆದರೆ ಬಿದ್ದವರಲ್ಲಿ ಹತ್ತರಲ್ಲಿ ನಾಲ್ಕರಷ್ಟು ಮಂದಿ ಉಳಿಯುವುದಿಲ್ಲ. ಲಸಿಕೆ ಇಲ್ಲ, ವೈರಸ್ಸಿಗೆಂದೇ ಇರುವ ಔಷಧಿಯೂ ಇಲ್ಲ. ಈಗ ಯೋಚಿಸಿ: ಒಣ ಸೀಮೆ, ಮುಚ್ಚಿದ ಗ್ಯಾರೇಜು, ಒಣಗಿದ ಹಿಕ್ಕೆ, ಅದರ ಮೇಲೆ ಪೊರಕೆ. ನಮ್ಮ ಶುಚಿತನದ ಮೊದಲ ಆಯುಧವೇ ಅಲ್ಲಿ ರೋಗವನ್ನು ಗಾಳಿಗೆ ಎತ್ತಿಕೊಡುತ್ತದೆ.

ಈ ಕಾಯಿಲೆ ವೈದ್ಯರ ಕಣ್ಣಿಗೆ ಬಿದ್ದದ್ದು 1993ರ ಮೇ ತಿಂಗಳಲ್ಲಿ. ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ, ಯೂಟಾ ಈ ನಾಲ್ಕು ರಾಜ್ಯಗಳ ಗಡಿ ಕೂಡುವ ಜಾಗವೊಂದಿದೆ. ಅದೂ ಎತ್ತರದ ಒಣನೆಲವೇ, ನವಾಹೊ ಜನರ ನಾಡು. ಅಲ್ಲಿ ಗಟ್ಟಿಮುಟ್ಟಾದ ಹರೆಯದವರು ಜ್ವರ ಬಂದ ಕೆಲವೇ ದಿನಗಳಲ್ಲಿ ಉಸಿರುಕಟ್ಟಿ ತೀರಿಕೊಳ್ಳತೊಡಗಿದರು. ಎಲ್ ನಿನೊ ದೆಸೆಯಿಂದ ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಎಂದಿಗಿಂತ ಹೆಚ್ಚು ಮಳೆ, ಹಿಮ ಬಿದ್ದಿತ್ತು. ಪಿನ್ಯೋನ್ ಮರಗಳಲ್ಲಿ ಬೀಜ ಸುರಿದಿತ್ತು, ಬೀಜ ತಿಂದು ಜಿಂಕೆಯಿಲಿಗಳು ಮಿತಿಮೀರಿ ಹೆಚ್ಚಿದ್ದವು. ಇಂಥ ವರ್ಷಗಳಲ್ಲಿ ಇಲಿಯಿಂದ ಕೇಡು ಬರುತ್ತದೆ, ಇಲಿಯನ್ನು ಮನೆಯಿಂದ ದೂರವಿಡಬೇಕು ಎಂಬುದು ನವಾಹೊ ಹಿರಿಯರಿಗೆ ಮೊದಲಿನಿಂದಲೂ ಗೊತ್ತಿದ್ದ ಮಾತು. ವಿಜ್ಞಾನಿಗಳು ಇಲಿ ಹಿಡಿದು ಪರೀಕ್ಷಿಸಿದಾಗ ಅವರ ಮಾತು ನಿಜವಾಯಿತು. ಮಳೆ ಕಡಿಮೆಯಿರುವ ನಾಡಿನಲ್ಲಿ ಒಂದು ವರ್ಷ ಮಳೆ ಜಾಸ್ತಿಯಾದರೆ ಎಲ್ಲರೂ ಹಿಗ್ಗುತ್ತಾರೆ. ಅದರ ಮರುವರ್ಷ ಇಲಿಯ ವರ್ಷ. 1993ರಿಂದ 2022ರ ಕೊನೆಯವರೆಗೆ ಇಡೀ ಅಮೆರಿಕದಲ್ಲಿ ದಾಖಲಾದ ಹಂಟಾವೈರಸ್ ಪ್ರಕರಣಗಳು 864. ಹೆಚ್ಚಿನವು ಪಶ್ಚಿಮದ ಈ ರಾಜ್ಯಗಳವೇ. 2025ರ ಫೆಬ್ರವರಿಯಲ್ಲಿ, ಡೆನ್ವರ್‌ಗಿಂತಲೂ ಎತ್ತರದಲ್ಲಿರುವ ಸಾಂತಾ ಫೆ ಊರಿನಲ್ಲಿ, ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಕಾವಾ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಆ ಮನೆಯ ಹೊರಗಿನ ಶೆಡ್ಡುಗಳಲ್ಲಿ ಇಲಿಗಳ ಗುರುತು ಸಿಕ್ಕಿದವು.

ಹಾಗಾದರೆ ಹಿಕ್ಕೆಯನ್ನು ತೆಗೆಯುವುದು ಹೇಗೆ? ಮೊದಲು ಗ್ಯಾರೇಜಿನ ಬಾಗಿಲು, ಕಿಟಕಿ ಎಲ್ಲ ತೆರೆದು ಅರ್ಧ ಗಂಟೆ ಅಲ್ಲಿಂದ ದೂರ ಹೋಗಿ. ಕಾಫಿ ಕುಡಿದು ಬನ್ನಿ. ರಬ್ಬರು ಕೈಗವಸು ಹಾಕಿ. ಒಂದು ಲೋಟ ಬ್ಲೀಚಿಗೆ ಒಂಬತ್ತು ಲೋಟ ನೀರು ಬೆರೆಸಿ, ಹಿಕ್ಕೆಯ ಮೇಲೆ, ಸುತ್ತಲಿನ ನೆಲದ ಮೇಲೆ ತೊಯ್ದು ತೊಪ್ಪೆಯಾಗುವಂತೆ ಸಿಂಪಡಿಸಿ. ಐದು ನಿಮಿಷ ಬಿಡಿ. ಆಮೇಲೆ ಕಾಗದದ ಟವೆಲಿನಿಂದ ಒತ್ತಿ ಬಳಿದು ಚೀಲಕ್ಕೆ ಹಾಕಿ, ಚೀಲದ ಮೇಲೊಂದು ಚೀಲ ಕಟ್ಟಿ ಕಸಕ್ಕೆ ಹಾಕಿ. ನೆಲ ಒರೆಸಿ, ಕೈಗವಸು ಹಾಕಿಕೊಂಡೇ ಕೈ ತೊಳೆದು ಆಮೇಲೆ ಬಿಚ್ಚಿ, ಮತ್ತೆ ಸೋಪು ಹಾಕಿ ತೊಳೆಯಿರಿ. ಪೊರಕೆಯೂ ಬೇಡ, ವ್ಯಾಕ್ಯೂಮೂ ಬೇಡ, ಎರಡೂ ಧೂಳೆಬ್ಬಿಸುತ್ತವೆ. ಬ್ಲೀಚಿಗೆ ಬೇರೆ ಯಾವ ಕ್ಲೀನರನ್ನೂ, ಅದರಲ್ಲೂ ಅಮೋನಿಯಾ ಇರುವುದನ್ನೂ ಕಕ್ಕಸು ತೊಳೆಯುವ ಆ್ಯಸಿಡನ್ನೂ ಬೆರೆಸಬೇಡಿ, ವಿಷದ ಹೊಗೆ ಬರುತ್ತದೆ. ನಮ್ಮ ಹಾಸನದ ಹಿರಿಯರು ಎಲ್ಲವನ್ನೂ ಕೇಳಿ, "ಒಟ್ಟಿನಲ್ಲಿ ಸಾರಿಸಿ ಅಂತೀರಿ, ಗುಡಿಸಬೇಡಿ ಅಂತೀರಿ" ಎಂದರು. ಇಷ್ಟು ಹೊತ್ತು ನಾನು ಹೇಳಿದ್ದನ್ನು ಆಕೆ ಎರಡು ಮಾತಿನಲ್ಲಿ ಮುಗಿಸಿದರು.

ಇಲಿ ಹಿಡಿಯುವುದಕ್ಕೆ ಹಳೆಯ ಕಾಲದ ಬಡಿಬೋನೇ ಉತ್ತಮ. ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಯ ಕಡೆಗಿರುವಂತೆ ಇಡಬೇಕು, ಇಲಿ ಓಡಾಡುವುದು ಗೋಡೆಯಂಚಿನಲ್ಲೇ ಅಲ್ಲವೇ? ನಾವು ಸುಟ್ಟ ಕೊಬ್ಬರಿ ಸಿಕ್ಕಿಸುತ್ತೇವೆ, ಅಲ್ಲಿ ಪೀನಟ್ ಬಟರ್ ಒಂದು ಚಿಟಿಕೆ ಸವರುತ್ತಾರೆ. ಅಂಟಿನ ಹಲಗೆ ಬೇಡ. ಅಂಟಿಕೊಂಡ ಇಲಿ ಒದ್ದಾಡಿ ಉಚ್ಚೆ ಹೊಯ್ದು ಇರುವ ಅಪಾಯವನ್ನು ಹೆಚ್ಚಿಸುತ್ತದೆ, ನೋಡುವುದಕ್ಕೂ ಕ್ರೂರ. ಪಂಜರದಲ್ಲಿ ಹಿಡಿದು ಮೈದಾನಕ್ಕೆ ಬಿಟ್ಟುಬಂದರೆ ಅದು ತಿರುಗಿ ಮನೆ ಹುಡುಕಿಕೊಂಡು ಬರುತ್ತದೆ. ಪಾಷಾಣದ ಮಾತೆತ್ತಬೇಡಿ. ತಿಂದ ಇಲಿ ಗೋಡೆಯೊಳಗೆ ಹೋಗಿ ಸತ್ತು ಮನೆಯೆಲ್ಲ ನಾರುತ್ತದೆ, ಹೊರಗೆ ಸತ್ತರೆ ಅದನ್ನು ತಿಂದ ಗೂಬೆ, ಗಿಡುಗ, ನರಿಗಳೂ ಸಾಯುತ್ತವೆ. ಇಲಿಯನ್ನು ಪುಕ್ಕಟೆ ಹಿಡಿದುಕೊಡುವ ಗೂಬೆಯನ್ನೇ ಕೊಂದರೆ ನಷ್ಟ ಯಾರಿಗೆ?

ಹಿಡಿಯುವುದಕ್ಕಿಂತ ಮುಖ್ಯ, ಬಾರದ ಹಾಗೆ ಮಾಡುವುದು. ಪೆನ್ಸಿಲ್ ತೂರುವ ತೂತಿನಲ್ಲಿ, ಅಂದರೆ ಆರು ಮಿಲಿಮೀಟರ್ ಕಂಡಿಯಲ್ಲಿ, ಮರಿಯಿಲಿ ನುಸುಳುತ್ತದೆ. ಗ್ಯಾಸಿನ ಪೈಪು, ಏಸಿಯ ಪೈಪು ಗೋಡೆ ಹೊಕ್ಕುವ ಜಾಗ, ಬಟ್ಟೆ ಒಣಗಿಸುವ ಯಂತ್ರದ ಹೊಗೆಗೂಡು, ಗ್ಯಾರೇಜು ಬಾಗಿಲಿನ ಎರಡು ಕೆಳಮೂಲೆ, ಇವಿಷ್ಟನ್ನು ಟಾರ್ಚು ಹಿಡಿದು ನೋಡಿ. ಸ್ಟೀಲ್ ವೂಲ್ ತುರುಕಿ ಮೇಲೆ ಪೇಸ್ಟು ಮೆತ್ತಿ. ಬರೀ ಫೋಮು ತುಂಬಿದರೆ ಒಂದೇ ರಾತ್ರಿಗೆ ಕಡಿದು ಒಳಗೆ ಬರುತ್ತದೆ. ಅಕ್ಕಿಚೀಲ, ನಾಯಿಯ ತಿಂಡಿ, ಹಕ್ಕಿಗೆ ಹಾಕುವ ಕಾಳು ಗ್ಯಾರೇಜಿನಲ್ಲಿ ಇರಲೇಬೇಕಾದರೆ ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬದಲ್ಲಿಡಿ.

ಪ್ಲೇಗಿನ ವಿಷಯ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದರಲ್ಲಿ ನಮಗೂ ಪಾಲಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಎದ್ದ ಪ್ಲೇಗು ಹಡಗು ಹತ್ತಿ 1896ಕ್ಕೆ ಮುಂಬಯಿಗೆ, ರೈಲು ಹತ್ತಿ 1898ಕ್ಕೆ ಬೆಂಗಳೂರಿಗೆ ಬಂತು. ಇಲಿ ಬಿತ್ತೆಂದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿದ ಕಥೆ ನಮ್ಮ ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇವೆ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದಲ್ಲೇ. ಅದೇ ಸುತ್ತಿನ ಪ್ಲೇಗು 1900ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಂದರಿಗೆ ಇಳಿದು, ಅಲ್ಲಿಂದ ಕಾಡಿನ ಅಳಿಲು, ಇಲಿಗಳಿಗೆ ಅಂಟಿ, ಪಶ್ಚಿಮದ ಒಣನಾಡಿನಲ್ಲಿ ಶಾಶ್ವತವಾಗಿ ನೆಲೆನಿಂತಿತು. ಡೆನ್ವರ್ ಸುತ್ತಲಿನ ಖಾಲಿ ಬಯಲುಗಳಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ ಪ್ರೇರಿ ನಾಯಿ ಎಂಬ ಪ್ರಾಣಿಯಿದೆ. ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲು. ಎದ್ದು ನಿಂತು ಕೀಚಲು ದನಿಯಲ್ಲಿ ಕೂಗುತ್ತಿದ್ದ ಗುಂಪು ಇದ್ದಕ್ಕಿದ್ದಂತೆ ಮಂಗಮಾಯವಾದರೆ ಆರೋಗ್ಯ ಇಲಾಖೆಯವರು ಪ್ಲೇಗೆಂದು ಅನುಮಾನಿಸಿ ಬಿಲಗಳಿಗೆ ಚಿಗಟದ ಪುಡಿ ಹಾಕುತ್ತಾರೆ. 2019ರ ಬೇಸಗೆಯಲ್ಲಿ ಡೆನ್ವರ್ ಪಕ್ಕದ ರಾಕಿ ಮೌಂಟನ್ ಆರ್ಸೆನಲ್ ವನ್ಯಧಾಮವನ್ನು ಇದೇ ಕಾರಣಕ್ಕೆ ಜನರಿಗೆ ಮುಚ್ಚಿದ್ದರು. ಮನುಷ್ಯರಿಗೆ ತಗಲುವುದು ಇಡೀ ದೇಶದಲ್ಲಿ ವರ್ಷಕ್ಕೆ ಸರಾಸರಿ ಏಳು ಮಂದಿಗೆ, ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್ಕಿನಿಂದ ವಾಸಿಯಾಗುತ್ತದೆ. ಹೆದರಬೇಕಾಗಿಲ್ಲ. ಮೊಮ್ಮಗು ಅಳಿಲಿಗೆ ಕೈಯಾರೆ ಕಡಲೆಕಾಯಿ ತಿನ್ನಿಸುತ್ತೇನೆಂದರೆ ಬೇಡವೆನ್ನಿ. ಸತ್ತ ಅಳಿಲು, ಮೊಲ ಹಿತ್ತಿಲಲ್ಲಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ.

ಕೊನೆಯದಾಗಿ, ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಊರಿಗೆಂದು ಬಂದು, ಆರೆಂಟು ವಾರ ಮನೆ ಬೀಗ ಹಾಕಿ ವಾಪಸು ಹೋಗುವವರಿಗೆ. ಬೀಗ ತೆಗೆದ ಕೂಡಲೇ ಪೆಟ್ಟಿಗೆಗಳನ್ನು ಒಳಗೆ ಎಳೆದುಕೊಳ್ಳಬೇಡಿ, ಹೀಟರಿನ ಫ್ಯಾನನ್ನೂ ಜೋರು ಮಾಡಬೇಡಿ. ಟಾರ್ಚು ಹಿಡಿದು ಒಬ್ಬರು ಮೊದಲು ಒಳಹೊಕ್ಕು ಸಿಂಕಿನಡಿ, ಅಡುಗೆಮನೆಯ ಡ್ರಾಯರು, ಗ್ಯಾರೇಜಿನ ಮೂಲೆ ನೋಡಿ ಬನ್ನಿ. ಹಿಕ್ಕೆ ಕಂಡರೆ ಮಕ್ಕಳನ್ನು ಕಾರಿನಲ್ಲೇ ಕೂರಿಸಿ ಬಾಗಿಲು ಕಿಟಕಿ ತೆರೆಯಿರಿ, ಆಮೇಲೆ ಬ್ಲೀಚು. ಹಾಗೆ ಸಾರಿಸಿದ ಮೇಲೆ ಒಂದರಿಂದ ಎಂಟು ವಾರಗಳೊಳಗೆ ಮನೆಯ ಯಾರಿಗಾದರೂ ಜ್ವರ ಬಂದು ತೊಡೆ, ಸೊಂಟ, ಬೆನ್ನು ವಿಪರೀತ ನೋಯುತ್ತಿದ್ದರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಉಸಿರಾಟ ಕಷ್ಟವಾಗುವ ಮುಂಚೆಯೇ ಆಸ್ಪತ್ರೆಗೆ ಹೋಗಿ, "ಮನೆಯಲ್ಲಿ ಇಲಿ ಇತ್ತು, ಹಿಕ್ಕೆ ತೆಗೆದೆವು" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಫ್ಲೂ ಇರಬೇಕೆಂದು ಅವರು ಮನೆಗೆ ಕಳಿಸಲು ಹೊರಟರೂ ಈ ಮಾತನ್ನು ಇನ್ನೊಮ್ಮೆ ಹೇಳಿ.